ಕಾರಿನಿಂದ ಮಂಚದವರೆಗೆ ಎಷ್ಟು ಮೆಟ್ಟಿಲು?

ಪ್ರಶ್ನೆ: ನನಗೆ 56 ವರ್ಷ, ಊರು ದಾವಣಗೆರೆ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲಿನ ಶಕ್ತಿ ಹೋಯಿತು. ತೊಡೆಯವರೆಗೆ ಬರುವ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಚೌಕಟ್ಟು) ಹಾಕಿಕೊಂಡು, ಬಲಗೈಯಲ್ಲಿ ಊರುಗೋಲು ಹಿಡಿದು ಓಡಾಡುತ್ತೇನೆ. ಸಮತಟ್ಟು ನೆಲದಲ್ಲಿ 200 ಮೀಟರ್ ನಡೆಯಬಲ್ಲೆ, ಆಮೇಲೆ ಕೂರಲೇಬೇಕು. ಹಿಡಿದುಕೊಳ್ಳಲು ಕಂಬಿ ಇದ್ದರೆ ಎಂಟು ಹತ್ತು ಮೆಟ್ಟಿಲು ಹತ್ತುತ್ತೇನೆ. ನಾಲ್ಕು ದಿನ ಮಲೆನಾಡಿಗೆ ಹೋಗಿಬರುವ ಆಸೆ, ಅದೂ ಒಬ್ಬಳೇ. ಯಾರ ಜೊತೆ ಹೋದರೂ ‘ನೀನು ಕಾರಲ್ಲೇ ಕೂತಿರು, ನಾವು ನೋಡ್ಕೊಂಡು ಬರ್ತೀವಿ’ ಅಂತಾರೆ. ಮನೆಯಲ್ಲಿ ಈ ಮಾತು ಎತ್ತಿದರೆ ‘ತಲೆ ಕೆಟ್ಟಿದೆಯಾ’ ಅನ್ನುತ್ತಾರೆ. ಡಾಕ್ಟ್ರೇ, ನಾನು ಹೋಗಬಹುದಾ? ಎಲ್ಲಿಗೆ, ಯಾವಾಗ? ಗಾಲಿಕುರ್ಚಿ ತಗೊಂಡು ಹೋಗಲಾ?

ಉತ್ತರ: ಹೋಗಬಹುದು. ನಿಮ್ಮ ತಲೆ ಸರಿಯಾಗೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ, ಫಿಸಿಯೊಥೆರಪಿಸ್ಟ್. ಊರಲ್ಲಿ ಎಲ್ಲರೂ ಡಾಕ್ಟ್ರೇ ಅಂತಲೇ ಕರೆಯುತ್ತಾರೆ, ತಿದ್ದಿ ತಿದ್ದಿ ಸಾಕಾಗಿದೆ. ಕ್ಯಾಲಿಪರ್ ಹಾಕುವವರನ್ನು, ಮಂಡಿ ಬದಲಿಸಿಕೊಂಡವರನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಾ ಬಂದಿದ್ದೇನೆ. ಆದರೆ ನಿಮ್ಮ ಪ್ರಶ್ನೆಗೆ ನಿಜವಾಗಿ ಉತ್ತರ ಸಿಕ್ಕಿದ್ದು ಕ್ಲಿನಿಕ್ಕಿನಲ್ಲಿ ಅಲ್ಲ. ನನ್ನದೇ ಕಾಲು ಮುರಿದಾಗ.

ಬೈಕಿನಿಂದ ಬಿದ್ದು ಬಲಗಾಲಿನ ಹರಡು ಮುರಿದಿತ್ತು. ಎರಡು ತಿಂಗಳಾದ ಮೇಲೆ, ಎರಡೂ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು, ಮನೆಯಲ್ಲಿ ಕೂತು ಬೇಜಾರಾಗಿ ಕೊಪ್ಪದ ಕಡೆ ಒಂದು ಹೋಂಸ್ಟೇಗೆ ಹೊರಟೆ. ಫೋನಿನಲ್ಲಿ ಕೇಳಿದ್ದೆ, ‘ಮೆಟ್ಟಿಲು ಇದೆಯಾ?’ ಅಂತ. ‘ಏನಿಲ್ಲ ಬನ್ನಿ, ಇಲ್ಲೇ ಕೆಳಗೆ’ ಅಂದರು. ಮಲೆನಾಡಿನವರ ‘ಇಲ್ಲೇ’ ಎಷ್ಟು ದೂರ ಅಂತ ನನಗೆ ಗೊತ್ತಿರಬೇಕಿತ್ತು, ನಾನೂ ಆ ಕಡೆಯವನೇ. ಕಾರು ನಿಂತದ್ದು ರಸ್ತೆಯಲ್ಲಿ. ರೂಮು ಇದ್ದದ್ದು ತೋಟದ ಕೆಳಗೆ, ಹಳ್ಳದ ಪಕ್ಕ. ನಡುವೆ ಜಂಬಿಟ್ಟಿಗೆಯ ಮೆಟ್ಟಿಲು, ಪಾಚಿ ಹಿಡಿದದ್ದು, ಕಂಬಿ ಇಲ್ಲದ್ದು. ಆ ರಾತ್ರಿ ಕೂತುಕೊಂಡೇ ಇಳಿದೆ, ಒಂದೊಂದೇ ಮೆಟ್ಟಿಲು, ಪ್ಯಾಂಟಿನ ಹಿಂಭಾಗವೆಲ್ಲ ಕೆಸರು. ಬೆಳಿಗ್ಗೆ ಹತ್ತುವಾಗ ಎಣಿಸಿದೆ: 43.

ಮೇಲೆ ಬಂದು ಏದುಸಿರು ಬಿಡುತ್ತಾ ಕೂತಾಗ ಮನೆಯ ಅಜ್ಜಿ ಮಗನಿಗೆ ಬೈದರು. ‘ಕಾಲಿಲ್ಲದೋರನ್ನ ಆ ಹೊಂಡಕ್ಕೆ ಇಳಿಸಿದ್ಯಲ್ಲೋ’ ಅಂದು, ಜಗಲಿಯ ಪಕ್ಕದ ಸಣ್ಣ ಕೋಣೆ ಬಿಡಿಸಿಕೊಟ್ಟರು. ಉಳಿದ ಎರಡು ದಿನ ನಾನು ಆ ಜಗಲಿ ಬಿಟ್ಟು ಕದಲಲಿಲ್ಲ. ಅಡಿಕೆ ಕೊಯ್ಲಿನ ಕಾಲ. ಸಂಜೆಯಾದರೆ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ (ಅಡಿಕೆ ಸುಲಿಯುವ ಕತ್ತಿ) ಹಾಕಿಕೊಂಡು ಕೂರುತ್ತಿದ್ದರು. ಕೈ ತನ್ನ ಪಾಡಿಗೆ ಓಡುತ್ತಿತ್ತು, ಬಾಯಲ್ಲಿ ಇಡೀ ಊರಿನ ಸುದ್ದಿ. ಬೇಯಿಸುವ ಅಡಿಕೆಯ ಒಗರು ವಾಸನೆ, ಒಲೆಯ ಹೊಗೆ, ಎದುರಿನ ಗುಡ್ಡ ಬೆಳಿಗ್ಗೆ ಮಂಜಿನಲ್ಲಿ ಇಲ್ಲವೇ ಇಲ್ಲ ಅನ್ನುವಂತಾಗಿ ಒಂಬತ್ತು ಗಂಟೆಗೆ ನಿಧಾನಕ್ಕೆ ವಾಪಸ್ ಬರುವುದು. ಎಷ್ಟೋ ಸಲ ಆ ಕಡೆ ಚಾರಣಕ್ಕೆ ಹೋದವನು ನಾನು. ಇದನ್ನು ಒಂದು ಸಲವೂ ನೋಡಿರಲಿಲ್ಲ.

ಹಾಗಾಗಿ ‘ಯಾವ ಜಾಗ’ ಅನ್ನುವುದು ನನ್ನ ಪ್ರಕಾರ ಎರಡನೇ ಪ್ರಶ್ನೆ. ಮೊದಲನೆಯದು, ಕಾರು ನಿಲ್ಲುವ ಜಾಗದಿಂದ ನೀವು ಮಲಗುವ ಮಂಚದವರೆಗೆ, ಮಂಚದಿಂದ ಕಮೋಡಿನವರೆಗೆ ನೆಲ ಹೇಗಿದೆ? ಕಷ್ಟ ಇರುವುದು ಆ ಕೊನೆಯ ಐವತ್ತು ಮೀಟರಿನಲ್ಲಿ. ಅದು ಸರಿ ಇದ್ದರೆ ನಾಲ್ಕು ದಿನವೂ ಸುಖ.

ಇದಕ್ಕೆ ಒಂದು ಉಪಾಯ ಹೇಳುತ್ತೇನೆ. ‘ಮೆಟ್ಟಿಲು ಇದೆಯಾ’ ಅಂತ ಕೇಳಲೇಬೇಡಿ. ಕಾಲು ಗಟ್ಟಿ ಇರುವವರಿಗೆ ಮೂರು ಮೆಟ್ಟಿಲು ಮೆಟ್ಟಿಲೇ ಅಲ್ಲ, ಅವರೇನು ಸುಳ್ಳು ಹೇಳುವುದಿಲ್ಲ, ಅವರಿಗೆ ಕಾಣುವುದೇ ಇಲ್ಲ. ಫೋಟೊ ಕೂಡ ನಂಬಬೇಡಿ. ‘ಕಾರು ನಿಲ್ಲೋ ಕಡೆಯಿಂದ ಶುರು ಮಾಡಿ, ಫೋನ್ ಆಫ್ ಮಾಡದೆ ನಡ್ಕೊಂಡು ಬಂದು, ರೂಮು, ಬಾತ್‌ರೂಮು ಎಲ್ಲ ಒಂದೇ ವಿಡಿಯೊದಲ್ಲಿ ತೋರಿಸಿ’ ಅಂತ ವಾಟ್ಸಾಪಿನಲ್ಲಿ ಕೇಳಿ. ಎರಡು ನಿಮಿಷದ ಕೆಲಸ. ಹೊಸ್ತಿಲಿನ ಎತ್ತರ, ಅಂಗಳದ ಕಲ್ಲು, ಬಚ್ಚಲಿನ ಇಳುಕಲು, ಕಮೋಡಿನ ಪಕ್ಕದ ಗೋಡೆ, ಎಲ್ಲವೂ ಅದರಲ್ಲಿ ಸಿಗುತ್ತದೆ. ವಿಡಿಯೊ ಕಳಿಸಲು ಹಿಂದೆಮುಂದೆ ನೋಡುವವರ ಮನೆಗೆ ಹೋಗಬೇಡಿ. ಖುಷಿಯಿಂದ ಕಳಿಸುವವರು ನೀವು ಹೋದ ಮೇಲೂ ನೋಡಿಕೊಳ್ಳುತ್ತಾರೆ, ಇದು ನನ್ನ ಅನುಭವ.

ಮತ್ತೊಂದು ಕೇಳಿ: ‘ಕಾರು ಮನೆ ಬಾಗಿಲಿಗೆ ಬರುತ್ತಾ, ಜೀಪಿಗೆ ಹತ್ತಬೇಕಾ?’ ಎಸ್ಟೇಟಿನ ಒಳಗಿರುವ ಎಷ್ಟೋ ಹೋಂಸ್ಟೇಗಳಲ್ಲಿ ನಿಮ್ಮ ಕಾರು ಟಾರು ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿಂದ ಅವರ ಜೀಪು. ಹಳೇ ಜೀಪಿನ ಹಿಂದುಗಡೆ ಹತ್ತುವುದು ಮಂಡಿ ಮಡಚದಂತೆ ಲಾಕ್ ಆದ ಕ್ಯಾಲಿಪರಿಗೆ ಆಗದ ಕೆಲಸ. ಮುಂದಿನ ಸೀಟು ಸಿಕ್ಕಿದರೂ ಎತ್ತರ. ಹತ್ತಿ ಕೂತಿರಿ ಅಂತಲೇ ಇಟ್ಟುಕೊಳ್ಳಿ, ಆ ಕುಲುಕಾಟದಲ್ಲಿ ಸೊಂಟ ಹೋಗುತ್ತದೆ. ಮಡಿಕೇರಿ ಕಡೆಯ ಮಾಂದಲ್‌ಪಟ್ಟಿ, ಕೊಲ್ಲೂರು ಕಡೆಯ ಕೊಡಚಾದ್ರಿ, ಎರಡೂ ಜೀಪಿನ ದಾರಿ. ಅವನ್ನು ಪಟ್ಟಿಯಿಂದ ಈಗಲೇ ತೆಗೆದುಹಾಕಿ.

ಇನ್ನು ಒಂಟಿಯಾಗಿ ಹೋಗುವ ವಿಷಯ. ನಾನು ಒಂದೇ ಒಂದು ಷರತ್ತು ಹಾಕುತ್ತೇನೆ. ನೆಲದ ಮೇಲೆ ಬಿದ್ದರೆ ಯಾರ ಸಹಾಯವೂ ಇಲ್ಲದೆ ಏಳುವುದು ನಿಮಗೆ ಬರಬೇಕು. ಇದು ನಿಮ್ಮ ಮನೆಯವರು ಕೇಳದ ಪ್ರಶ್ನೆ, ಆದರೆ ಅವರ ಹೆದರಿಕೆಯೆಲ್ಲ ಇದೇ. ಮನೆಯಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು, ಅವರು ಕೈ ಹಾಕದಂತೆ ಅಭ್ಯಾಸ ಮಾಡಿ. ಬಿದ್ದ ತಕ್ಷಣ ಏಳಲು ಹೋಗಬಾರದು. ಒಂದು ನಿಮಿಷ ಮಲಗೇ ಇದ್ದು, ಎಲ್ಲಿ ನೋವಿದೆ ನೋಡಿಕೊಳ್ಳಿ. ಆಮೇಲೆ ಮಗ್ಗುಲಾಗಿ, ಮೊಣಕೈ ಊರಿ, ಕೂತುಕೊಂಡೇ ಮಂಚದ ಕಡೆ ಅಥವಾ ಗಟ್ಟಿ ಕುರ್ಚಿಯ ಕಡೆ ಜರುಗಿ. ಮಂಚಕ್ಕೆ ಎರಡೂ ಕೈ ಊರಿ, ಬಲಗಾಲಿನ ಬಲದಲ್ಲಿ ಏಳಿ. ಎಡಗಾಲು ನೇರವಾಗಿ ಪಕ್ಕಕ್ಕೆ ಚಾಚಿಕೊಂಡಿರಲಿ. ನಿಮ್ಮ ಊರಿನ ಫಿಸಿಯೊ ಹತ್ತಿರ ಎರಡು ದಿನ ಹೋದರೆ ಕಲಿಸುತ್ತಾರೆ. ಇದು ಬಂತೆಂದರೆ ಮನೆಯವರ ಮುಂದೆ ಒಂದು ಸಲ ಬಿದ್ದು ಎದ್ದು ತೋರಿಸಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಫೋನು ಚೀಲದಲ್ಲಿ ಬೇಡ, ಕುತ್ತಿಗೆಗೆ ನೇತುಹಾಕಿಕೊಳ್ಳಿ. ಬಾತ್‌ರೂಮಿಗೂ ಅದು ಜೊತೆಗಿರಲಿ. ಕುತ್ತಿಗೆಯಲ್ಲಿ ಒಂದು ಪೀಪಿಯೂ ಇರಲಿ. ತೋಟದ ನಡುವಿನ ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಪೀಪಿಯ ಸದ್ದು ಅಡುಗೆಮನೆಗೆ ಕೇಳುತ್ತದೆ. ಸಿಗ್ನಲ್ ಯಾವ ಕಂಪನಿಯದು ಸಿಗುತ್ತದೆ ಅಂತ ಮೊದಲೇ ಕೇಳಿ. ಮಲೆನಾಡಿನ ಎಷ್ಟೋ ಮೂಲೆಗಳಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೇನೂ ಇಲ್ಲ. ತುರ್ತಿಗೆ 112, ಆಂಬುಲೆನ್ಸಿಗೆ 108, ಇವೆರಡು ನಿಮಗೆ ಗೊತ್ತೇ ಇದೆ. ಆದರೆ ಗುಡ್ಡದ ಮೇಲೆ ಆಂಬುಲೆನ್ಸಿಗಿಂತ ಮೊದಲು ಬರುವುದು ಪಕ್ಕದ ಮನೆಯ ಜೀಪು. ಆದ್ದರಿಂದ ಹೋದ ಕೂಡಲೇ ಮನೆಯವರಿಗೆ ನಿಮ್ಮ ಕಾಲಿನ ಕಥೆ, ತಗೊಳ್ಳುವ ಮಾತ್ರೆ, ಊರಿನ ಒಂದು ಫೋನ್ ನಂಬರ್ ಹೇಳಿಬಿಡಿ. ಸಂಕೋಚ ಬೇಡ.

ಈಗ ಜಾಗಕ್ಕೆ ಬರೋಣ. ನಿಮಗೆ ನಾನು ಹೇಳುವುದು ತೀರ್ಥಹಳ್ಳಿ ಸುತ್ತಮುತ್ತ. ಚಿಕ್ಕಮಗಳೂರಲ್ಲ, ಮಡಿಕೇರಿಯಲ್ಲ. ಕಾರಣ ಇದೆ. ಆ ಎರಡು ಕಡೆ ಜನ ನೋಡಲು ಹೋಗುವುದೇ ಶಿಖರ ಮತ್ತು ಜಲಪಾತ. ಮುಳ್ಳಯ್ಯನಗಿರಿಗೆ ರಸ್ತೆ ಇದೆ ನಿಜ, ಆದರೆ ಅದು ಮುಗಿದ ಮೇಲೆ ನೂರಾರು ಮೆಟ್ಟಿಲು. ಅಬ್ಬಿ ಜಲಪಾತಕ್ಕೆ ಇಳಿಯಬೇಕು, ಇಳಿದವರು ಹತ್ತಬೇಕು. ನೀರು ಬೀಳುವುದು ತಗ್ಗಿಗೆ, ಹಾಗಾಗಿ ಜಲಪಾತ ಅಂದರೆ ಇಳಿಯುವುದು ಅಂತಲೇ ಅರ್ಥ. ಇದಕ್ಕೆ ಹೊರತಾದದ್ದು ಜೋಗ. ಅಲ್ಲಿ 253 ಮೀಟರ್ ಬೀಳುವ ಶರಾವತಿಯನ್ನು ಕಣಿವೆಯ ಈಚೆ ದಂಡೆಯಲ್ಲಿ ನಿಂತು ನೋಡುತ್ತೇವೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಇಳಿದು ಬುಡಕ್ಕೆ ಹೋದವರಿಗಿಂತ ಮೇಲೆ ನಿಂತವರಿಗೇ ನಾಲ್ಕೂ ಕವಲು ಚೆನ್ನಾಗಿ ಕಾಣುವುದು. ದೂರದ ಬೆಟ್ಟ ನುಣ್ಣಗೆ ಅಂತ ಬೈಗುಳದ ಹಾಗೆ ಹೇಳುತ್ತಾರಲ್ಲ, ನಮ್ಮಂಥ ಕಾಲಿನವರಿಗೆ ಆ ನುಣುಪೇ ಬೇಕಾದದ್ದು.

ತೀರ್ಥಹಳ್ಳಿಯ ಕಡೆ ರಸ್ತೆಯೇ ಒಂದು ನೋಟ. ಶಿವಮೊಗ್ಗ ಬಿಟ್ಟು ಸುಮಾರು 14 ಕಿಲೋಮೀಟರಿಗೆ ಸಕ್ರೆಬೈಲು ಆನೆ ಬಿಡಾರ, ತುಂಗೆಯ ಹಿನ್ನೀರಿನ ದಡದಲ್ಲಿ. ಬೆಳಿಗ್ಗೆ ಮಾತ್ರ ಒಳಗೆ ಬಿಡುತ್ತಾರೆ, ಹನ್ನೊಂದರ ಒಳಗೆ ಮುಗಿಯುತ್ತದೆ. ನೀರಿನ ಅಂಚಿಗೆ ಹೋಗಬೇಡಿ, ಆನೆ ತುಳಿದ ಕೆಸರಿನಲ್ಲಿ ಊರುಗೋಲು ಗೇಣುದ್ದ ಹೂತುಹೋಗುತ್ತದೆ. ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ಹೊಳೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದ ಹೊತ್ತಿಗೆ ಹಕ್ಕಿಗಳು ಗೂಡು ಕಟ್ಟುತ್ತವೆ, ರಸ್ತೆಯ ಪಕ್ಕದಿಂದಲೇ ಕಾಣುತ್ತದೆ. ನವೆಂಬರಿಗೆ ಹೋದರೆ ಹಕ್ಕಿ ಕಮ್ಮಿ, ಹೊಳೆ ಮಾತ್ರ ಹಾಗೇ ಇರುತ್ತದೆ.

ತೀರ್ಥಹಳ್ಳಿಯಿಂದ ಒಂದು ಮಧ್ಯಾಹ್ನ ಕುಪ್ಪಳಿ. ಕುವೆಂಪು ಅವರ ಮನೆ ಈಗ ವಸ್ತುಸಂಗ್ರಹಾಲಯ. ಮರದ ಏಣಿಮೆಟ್ಟಿಲು ಹತ್ತಿ ಉಪ್ಪರಿಗೆಗೆ ಹೋಗುವ ಹಟ ಬೇಡ. ತೊಟ್ಟಿಯ ಸುತ್ತ ಒಂದು ಸುತ್ತು ಬಂದು, ಕೆಳಗಿನ ಕೋಣೆಗಳನ್ನು ನೋಡಿದರೆ ಸಾಕು. ಅಲ್ಲಿ ನಿಮ್ಮ 200 ಮೀಟರ್ ಅರ್ಧ ಖರ್ಚಾಗಿರುತ್ತದೆ. ಆಮೇಲೆ ಕವಿಶೈಲ. ವಾಹನ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿಂದ ಮುಂದೆ ಏರುತಗ್ಗಿನ ಬಂಡೆ. ಎಲ್ಲಿಯವರೆಗೆ ಆಗುತ್ತದೋ ಅಲ್ಲಿಯವರೆಗೆ ಹೋಗಿ, ಮಡಚುವ ಸ್ಟೂಲು ಹಾಕಿಕೊಂಡು ಕೂತುಬಿಡಿ. ಸ್ಟೂಲಿನ ಮಾತು ಮುಂದೆ ಬರುತ್ತದೆ.

ಆಗುಂಬೆಗೆ ಸಂಜೆ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಸೂರ್ಯಾಸ್ತದ ಜಾಗ ಘಾಟಿ ರಸ್ತೆಯ ಪಕ್ಕದಲ್ಲೇ ಇದೆ, ಆ ಲೆಕ್ಕದಲ್ಲಿ ನಮಗೆ ಅನುಕೂಲ. ಆದರೆ ಶನಿವಾರ ಭಾನುವಾರ ಸಂಜೆ ಅಲ್ಲಿ ಕಾಲಿಡಲು ಜಾಗವಿಲ್ಲ, ಕಟ್ಟೆಯ ಮೇಲೆ ನೂಕುನುಗ್ಗಲು. ಜನರಿಗಿಂತ ಕೋತಿಗಳ ಕಾಟ ಜಾಸ್ತಿ. ಕೈಯಲ್ಲಿ ತಿಂಡಿಯ ಪೊಟ್ಟಣ ಇದ್ದರೆ ಕಿತ್ತುಕೊಂಡೇ ಹೋಗುತ್ತವೆ, ಆ ಜಗ್ಗಾಟದಲ್ಲಿ ಊರುಗೋಲಿನವರು ಆಯ ತಪ್ಪುತ್ತಾರೆ. ವಾರದ ನಡುವೆ ಹೋಗಿ. ಕಾರನ್ನು ನೋಟಕ್ಕೆ ಮುಖ ಮಾಡಿ ನಿಲ್ಲಿಸಲು ಜಾಗ ಸಿಕ್ಕಿದರೆ ಒಳಗೇ ಕೂತು ನೋಡಿ. ‘ಕಾರಲ್ಲೇ ಕೂತಿರು’ ಅಂತ ಬೇರೆಯವರು ಹೇಳಿದರೆ ಅವಮಾನ, ನೀವೇ ಕೂತರೆ ಆರಾಮ. ಅಷ್ಟೇ ವ್ಯತ್ಯಾಸ.

ಶೃಂಗೇರಿ ಇನ್ನೊಂದು ದಿನಕ್ಕೆ. ತುಂಗೆಯ ದಡದ ಮಠದ ಆವರಣ ಬಹುಪಾಲು ಸಮತಟ್ಟು. ಆದರೆ ಕಾಲಿನ ವಿಷಯ ಒಂದಿದೆ, ಅದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ನಿಮ್ಮ ಕ್ಯಾಲಿಪರಿಗೆ ಬೂಟು ಸೇರಿಕೊಂಡೇ ಇದೆಯಾ? ಇದ್ದರೆ ‘ಚಪ್ಪಲಿ ಇಲ್ಲಿ ಬಿಡಿ’ ಅಂದಾಗ ಏನು ಮಾಡುತ್ತೀರಿ? ದೊಡ್ಡ ದೇವಸ್ಥಾನಗಳಲ್ಲಿ ಒಬ್ಬ ಕಾವಲುಗಾರರು ಬಿಡುತ್ತಾರೆ, ಇನ್ನೊಬ್ಬರು ಬಿಡುವುದಿಲ್ಲ. ಬೂಟಿನ ಮೇಲೆ ಹಾಕಿ ಕಟ್ಟುವಂಥ ಒಗೆದ ಬಟ್ಟೆಯ ಚೀಲ ಹೊಲಿಸಿಕೊಳ್ಳಿ, ಅಡಿಗೆ ರಬ್ಬರ್ ಚುಕ್ಕಿ ಇರುವ ಬಟ್ಟೆ ಹಚ್ಚಿಸಿ, ಇಲ್ಲವಾದರೆ ನಯವಾದ ಕಲ್ಲಿನ ಮೇಲೆ ಜಾರುತ್ತದೆ. ಬಾಗಿಲಿಗೆ ಹೋಗುವ ಮುಂಚೆ ಕಚೇರಿಯಲ್ಲಿ ಕೇಳಿಕೊಂಡು ಹೋಗಿ. ಬಿಡಲಿಲ್ಲ ಅಂದರೆ ಜಗಳ ಆಡುತ್ತಾ ನಿಲ್ಲಬೇಡಿ, ನಿಂತಷ್ಟೂ ಬಲಗಾಲು ಸೋಲುತ್ತದೆ. 14ನೇ ಶತಮಾನದ ವಿದ್ಯಾಶಂಕರ ದೇವಾಲಯದ ಚೆಲುವೆಲ್ಲ ಹೊರಗೋಡೆಯಲ್ಲೇ ಇದೆ, ಅದನ್ನು ದೂರದಿಂದಲೂ ಕಣ್ತುಂಬ ನೋಡಬಹುದು. ಹತ್ತಿರದ ಸಿರಿಮನೆ ಜಲಪಾತಕ್ಕೆ ಡ್ರೈವರ್ ಕರೆದೊಯ್ಯುತ್ತೇನೆ ಅಂತಾರೆ. ಅಲ್ಲೂ ಇಳಿಯುವ ಮೆಟ್ಟಿಲು. ಬೇಡ.

ಹೀಗೆ ದಿನಕ್ಕೆ ಒಂದೇ ಜಾಗ. ಉಳಿದ ಹೊತ್ತು ಜಗಲಿ. ಇದು ಸೋಮಾರಿತನ ಅಲ್ಲ, ವೈದ್ಯಕೀಯ ಕಾರಣ ಇದೆ. ಚಿಕ್ಕಂದಿನಲ್ಲಿ ಪೋಲಿಯೊ ಆದವರಲ್ಲಿ ಎಷ್ಟೋ ಜನಕ್ಕೆ ನಡುವಯಸ್ಸು ದಾಟಿದ ಮೇಲೆ ಹೊಸದಾಗಿ ಸುಸ್ತು, ಸೋಲು ಶುರುವಾಗುತ್ತದೆ. ಐವತ್ತು ವರ್ಷ ಎರಡು ಕಾಲಿನ ಕೆಲಸವನ್ನು ಒಂದೇ ಕಾಲು ಮಾಡಿದೆ, ಸ್ವಾಧೀನ ಉಳಿದಿರುವ ನರಗಳ ಮೇಲೂ ಭಾರ ಜಾಸ್ತಿ. ಇದಕ್ಕೆ ‘ಅಭ್ಯಾಸ ಆದರೆ ಸರಿ ಹೋಗುತ್ತೆ’ ಅನ್ನುವ ಮಾತು ನಡೆಯುವುದಿಲ್ಲ. ಮೈ ಮುರಿಯುವಷ್ಟು ನಡೆದರೆ ಮರುದಿನ ಮಾತ್ರ ಅಲ್ಲ, ಅದರ ಮರುದಿನವೂ ಏಳಲಾಗುವುದಿಲ್ಲ. ಸುಸ್ತಾಗುವ ಮುಂಚೆಯೇ ಕೂತುಬಿಡಿ. 200 ಮೀಟರ್ ಆಗುತ್ತದೆ ಅಂದಿರಿ, ಗುಡ್ಡದ ನೆಲದಲ್ಲಿ ಅದನ್ನು 100 ಅಂತ ಲೆಕ್ಕ ಹಾಕಿ.

ಮತ್ತೊಂದು, ಚಳಿ. ಪೋಲಿಯೊ ಆದ ಕಾಲು ತಣ್ಣಗಿರುತ್ತದೆ, ಬೇಗ ನೀಲಿಗಟ್ಟುತ್ತದೆ, ನಿಮಗೇ ಗೊತ್ತು. ಚಳಿಗೆ ಅಲ್ಪಸ್ವಲ್ಪ ಇರುವ ಶಕ್ತಿಯೂ ಕಮ್ಮಿಯಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಮಂಜು ನೋಡಲು ಓಡಬೇಡಿ. ಬಿಸಿನೀರಿನಲ್ಲಿ ಕಾಲು ಬೆಚ್ಚಗೆ ಮಾಡಿಕೊಂಡು, ಉಣ್ಣೆಯ ಕಾಲುಚೀಲ ಹಾಕಿ, ಆಮೇಲೆ ಕ್ಯಾಲಿಪರ್ ಕಟ್ಟಿ. ಪೋಲಿಯೊದಲ್ಲಿ ಸ್ಪರ್ಶ ಹೋಗಿರುವುದಿಲ್ಲ, ಹಾಗಾಗಿ ಬಿಸಿ ಗೊತ್ತಾಗುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ನೀರನ್ನು ಕೈಯಲ್ಲಿ ಮುಟ್ಟಿ ನೋಡದೆ ಕಾಲು ಇಡಬೇಡಿ.

ಯಾವಾಗ ಅಂದರೆ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಘಾಟಿಯಲ್ಲಿ ಮಣ್ಣು ಕುಸಿಯುತ್ತದೆ, ಮರ ಬೀಳುತ್ತದೆ, ಅಂಗಳವೆಲ್ಲ ಪಾಚಿ. ನವೆಂಬರಿಗೆ ಪಾಚಿ ಒಣಗಿರುತ್ತದೆ, ಹಸಿರು ಹೋಗಿರುವುದಿಲ್ಲ, ಅಡಿಕೆ ಸುಲಿತ ನಡೆದಿರುತ್ತದೆ. ಕಾಫಿ ಸೀಮೆಗೆ ಹೋಗುವ ಮನಸ್ಸಾದರೆ ಇನ್ನೊಂದು ಸಲ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ವಾರ ಹೋಗಿ, ಹೆಚ್ಚಾಗಿ ಮಾರ್ಚ್ ಆಸುಪಾಸು. ಇಡೀ ಗುಡ್ಡ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಮನೆಯೊಳಕ್ಕೇ ಬರುತ್ತದೆ. ಕಾಫಿ ತೋಟದ ಮನೆಯಾದರೆ ‘ಕಣ ಇದೆಯಾ’ ಅಂತ ಕೇಳುವುದನ್ನು ಮರೆಯಬೇಡಿ. ಕಾಫಿ ಒಣಗಿಸುವ ಕಣ ಸಿಮೆಂಟಿನದಾದರೆ ಇಡೀ ತೋಟದಲ್ಲಿ ಅಷ್ಟು ಮಟ್ಟಸವಾದ ಜಾಗ ಇನ್ನೊಂದಿಲ್ಲ. ಹಣ್ಣು ಹರಡಿಲ್ಲದ ತಿಂಗಳಲ್ಲಿ ಸಂಜೆ ಅಲ್ಲೇ ನಾಲ್ಕು ಸುತ್ತು ಹಾಕಬಹುದು.

ಇಂಬಳದ ಮಾತು ಬಿಟ್ಟರೆ ಮಲೆನಾಡಿನ ಪತ್ರ ಆಗುವುದಿಲ್ಲ. ಇಂಬಳ ಕಚ್ಚುವುದು ದೊಡ್ಡ ವಿಷಯವಲ್ಲ, ಬಗ್ಗಿ ಅದನ್ನು ಕೀಳಲು ಆಗದಿರುವುದು ದೊಡ್ಡ ವಿಷಯ. ನನ್ನ ಹರಡಿನ ಪಟ್ಟಿಯೊಳಗೆ ಒಂದು ಸೇರಿಕೊಂಡಿತ್ತು. ರಕ್ತ ಇಳಿಯುವುದು ಕಾಣುತ್ತಿದೆ, ಕೈ ಎಟುಕುತ್ತಿಲ್ಲ. ಆ ಮನೆಯ ಎರಡನೇ ಕ್ಲಾಸಿನ ಹುಡುಗಿ ಬಂದು ಉಪ್ಪು ಹಾಕಿ ಬಿಡಿಸಿದಳು, ‘ಅಂಕಲ್, ಅಳಬೇಡಿ’ ಅಂತ ಸಮಾಧಾನ ಬೇರೆ. ಮರುದಿನ ಅಜ್ಜಿ ಒಂದು ಕೋಲಿನ ತುದಿಗೆ ಉಪ್ಪು, ಹೊಗೆಸೊಪ್ಪಿನ ಪುಡಿ ಸೇರಿಸಿದ ಬಟ್ಟೆಗಂಟು ಕಟ್ಟಿಕೊಟ್ಟರು. ಕೂತಲ್ಲಿಂದಲೇ ಕೋಲು ಚಾಚಿ ಗಂಟನ್ನು ತಾಗಿಸಿದರೆ ಇಂಬಳ ಉದುರಿಬೀಳುತ್ತದೆ. ಕೆಲಸದವರು ತೋಟದಲ್ಲಿ ಬಳಸುವುದು ಅದೇ. ಹೋದ ದಿನವೇ ಒಂದು ಕೇಳಿ ಮಾಡಿಸಿಕೊಳ್ಳಿ. ನವೆಂಬರಿನಲ್ಲಿ ಕಮ್ಮಿಯಾದರೂ ತೇವ ಇರುವ ಕಡೆ ಇದ್ದೇ ಇರುತ್ತವೆ.

ಊರುಗೋಲಿನ ತುದಿಯ ರಬ್ಬರ್ ಬುಷ್ ಹೊರಡುವ ಮುಂಚೆ ಹೊಸದು ಹಾಕಿಸಿ, ಒಂದು ಜೊತೆ ಚೀಲದಲ್ಲೂ ಇರಲಿ. ತಳದ ಉಂಗುರಗಳು ಸವೆದು ನುಣ್ಣಗಾಗಿದ್ದರೆ ಮಲೆನಾಡಿನ ಗಾರೆ ನೆಲದ ಮೇಲೆ ಅದು ಸೋಪಿನ ಹಾಗೆ. ಕ್ಯಾಲಿಪರಿನ ಚರ್ಮದ ಪಟ್ಟಿ ಒದ್ದೆಯಾದರೆ ಆ ಹವೆಯಲ್ಲಿ ಒಣಗುವುದಿಲ್ಲ, ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಲಾಕಿನ ಸ್ಕ್ರೂ ಬಿಗಿ ಮಾಡಿಸಿಕೊಂಡು, ಅದಕ್ಕಾಗುವ ಸ್ಕ್ರೂಡ್ರೈವರನ್ನೂ ತಗೊಳ್ಳಿ. ರಾತ್ರಿ ಬಿಚ್ಚಿದಾಗ ಚರ್ಮ ಕೆಂಪಾಗಿದೆಯಾ ನೋಡಿ. ಅರ್ಧ ಗಂಟೆಯಲ್ಲಿ ಕೆಂಪು ಹೋದರೆ ಸರಿ. ಹೋಗದಿದ್ದರೆ ಮರುದಿನ ಜಗಲಿಯಲ್ಲೇ ಇರಿ.

ಮೆಟ್ಟಿಲಿನ ಸೂತ್ರ ನಿಮಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ಸೋತ ಕಾಲು ಮೊದಲು. ಅಗಲವಾದ ಇಳಿಜಾರಿದ್ದರೆ ನೇರ ಇಳಿಯದೆ ಓರೆಯಾಗಿ, ಅಡ್ಡಡ್ಡ ಹೋಗಿ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ಮಂಡಿಯ ಕೆಲಸ. ‘ಹೋಗುವಾಗ ಆಯ್ತಲ್ಲ, ಬರುವಾಗಲೂ ಆಗುತ್ತೆ’ ಅಂತ ಎಲ್ಲರೂ ಮೋಸ ಹೋಗುವುದು ಇಲ್ಲೇ.

ಬಿದ್ದವರ ಕಥೆ ಕೇಳಿದರೆ ಬೆಟ್ಟದಲ್ಲಿ ಬಿದ್ದವರು ಕಮ್ಮಿ, ಬಚ್ಚಲಿನಲ್ಲಿ ಬಿದ್ದವರೇ ಜಾಸ್ತಿ. ಕ್ಯಾಲಿಪರ್ ಬಿಚ್ಚಿದ ಮೇಲೆ ರಾತ್ರಿ ಮಂಚದಿಂದ ಕಮೋಡಿಗೆ ಹೇಗೆ ಹೋಗುತ್ತೀರಿ ಅನ್ನುವುದನ್ನು ಬೆಳಕಿರುವಾಗಲೇ ಒಂದು ಸಲ ಹೋಗಿ ನೋಡಿ. ಬಾತ್‌ರೂಮು ರೂಮಿಗೆ ಸೇರಿಕೊಂಡೇ ಇರಬೇಕು, ಹಳೇ ಮನೆಗಳ ಹಿತ್ತಿಲ ಬಚ್ಚಲು ಎಷ್ಟೇ ಚೆಂದ ಇದ್ದರೂ ಬೇಡ. ಸ್ನಾನಕ್ಕೆ ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಳ್ಳಿ, ಅದಿಲ್ಲದ ಮನೆ ಕರ್ನಾಟಕದಲ್ಲೇ ಇಲ್ಲ. ಕರೆಂಟು ಹೋಗುತ್ತದೆ ಅಂತಲೇ ಅಂದುಕೊಂಡು ದಿಂಬಿನ ಪಕ್ಕ ಟಾರ್ಚ್ ಇಡಿ. ದಾರಿಯಲ್ಲಿ ಕಮೋಡು ಸಿಗುವುದಿಲ್ಲ ಅಂತ ನೀರು ಕುಡಿಯದೆ ಹೋಗಬೇಡಿ. ಎಲ್ಲಿ ನಿಲ್ಲಿಸಬಹುದು ಅಂತ ಡ್ರೈವರಿಗೆ ಕೇಳಿ, ಅವರಿಗೆ ಎಲ್ಲ ಹೋಟೆಲಿನ ಜಾತಕ ಗೊತ್ತು.

ಡ್ರೈವರ್ ವಿಷಯಕ್ಕೇ ಬಂದೆ. ದಾವಣಗೆರೆಯಿಂದಲೇ ಕಾರು ಮಾಡಿದರೆ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ಲೆಕ್ಕ ಹಾಕುತ್ತಾರೆ, ಸಾಮಾನ್ಯವಾಗಿ 250 ಅಥವಾ 300. ನೀವು ದಿನಕ್ಕೆ ಅಷ್ಟು ಓಡಿಸುವುದಿಲ್ಲ, ಸುಮ್ನೆ ದುಡ್ಡು ದಂಡ. ಶಿವಮೊಗ್ಗದವರೆಗೆ ಬಸ್ಸು, ಅಲ್ಲಿಂದ ಮುಂದೆ ಹೋಂಸ್ಟೇಯವರೇ ಗೊತ್ತು ಮಾಡಿದ ಸ್ಥಳೀಯ ಕಾರು. ಕೆಂಪು ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ಟಿನ ದುಡ್ಡೂ ಇಲ್ಲ. ಆದರೆ ಮೊದಲ ಮೆಟ್ಟಿಲು ಎತ್ತರ, ವಾರದ ನಡುವೆ, ಹತ್ತು ಗಂಟೆಯ ನಂತರ, ನಿಲ್ದಾಣದ ಒಳಗೇ ಹತ್ತಿ. ನಾಲ್ಕೂ ದಿನ ಒಬ್ಬರೇ ಡ್ರೈವರ್ ಇರಲಿ. ಮೊದಲ ದಿನ ಕಲಿತದ್ದು ಅವರಿಗೆ ನೆನಪಿರುತ್ತದೆ: ಕಾರನ್ನು ಎಷ್ಟು ಹತ್ತಿರ ತರಬೇಕು, ಯಾವಾಗ ಕೈ ಕೊಡಬೇಕು, ಯಾವಾಗ ಸುಮ್ಮನಿರಬೇಕು. ಕಾರು ತೀರಾ ತಗ್ಗೂ ಬೇಡ, ತೀರಾ ಎತ್ತರವೂ ಬೇಡ. ವ್ಯಾಗನ್ ಆರ್ ಥರದ್ದು ಹದ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಸಿ. ಮೊದಲು ಕೂತು, ಆಮೇಲೆ ಕಾಲು ಒಳಗೆ ತಿರುಗಿಸಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿಕೊಂಡರೆ ಮೈ ಸಲೀಸಾಗಿ ತಿರುಗುತ್ತದೆ, ಕಾರು ಹೊರಡುವ ಮುಂಚೆ ಅದನ್ನು ಎಳೆದುಬಿಡಿ. ಸಂಜೆ ನಾಲ್ಕರ ಒಳಗೆ ಮನೆ ಸೇರುವ ಹಾಗೆ ಹೊರಡಿ, ಹೊಸ ನೆಲವನ್ನು ಕತ್ತಲಲ್ಲಿ ತುಳಿಯಬಾರದು.

ಕೊನೆಗೆ ನಿಮ್ಮ ಗಾಲಿಕುರ್ಚಿ. ಮನೆಯಲ್ಲೇ ಇರಲಿ. ಮುಂದಿನ ಸಣ್ಣ ಗಾಲಿಗಳು ಜಲ್ಲಿಯಲ್ಲಿ ಮೊದಲ ಮಾರಿಗೇ ಸಿಕ್ಕಿಕೊಳ್ಳುತ್ತವೆ, ತಳ್ಳಲು ಒಬ್ಬರು ಬೇಕು, ಆಗ ಒಂಟಿ ಪ್ರವಾಸ ಎಲ್ಲಿ ಬಂತು? ಅದರ ಬದಲು ಮಡಚುವ ಸ್ಟೂಲು ಒಂದು ತಗೊಳ್ಳಿ, ಅಲ್ಯೂಮಿನಿಯಂ ಕಾಲಿನದು, ಕೂತರೆ ನಿಮ್ಮ ಮಂಡಿಯ ಎತ್ತರಕ್ಕೆ ಬರುವಂಥದ್ದು. ತಗ್ಗು ಸ್ಟೂಲಿನಿಂದ ನಿಮಗೆ ಏಳಲಾಗುವುದಿಲ್ಲ. ಅಂಗಡಿಯಲ್ಲೇ ಕ್ಯಾಲಿಪರ್ ಹಾಕಿಕೊಂಡು ಐದು ಸಲ ಕೂತು ಎದ್ದು ನೋಡಿ, ಐದನೇ ಸಲವೂ ಸಲೀಸಾಗಿ ಎದ್ದರೆ ದುಡ್ಡು ಕೊಡಿ. ಬೆನ್ನಿನ ಚೀಲ ನಾಲ್ಕು ಕಿಲೋ ದಾಟದಿರಲಿ, ಸ್ಟೂಲೂ ಸೇರಿ.

ವಿಡಿಯೊ ಬಂದ ಮೇಲೆ ನನಗೂ ಕಳಿಸಿ, ಮೆಟ್ಟಿಲು ಎಣಿಸಿ ಹೇಳುತ್ತೇನೆ.